ಕೈ ಪಳಗಿತು ಅಂತ ಯಾವಾಗ ಅನ್ನಬಹುದು?

ಸೈಕಲ್ ಚಕ್ರದ ಸೊಟ್ಟ ತೆಗೆಯಲು ಕಲಿತ ಮೊದಲ ವಾರವೇ ಈ ಕೆಲಸ ನನಗೆ ಬಂತು ಅಂದುಕೊಂಡಿದ್ದೆ. ಲೆಕ್ಕವೇನೋ ಸುಲಭ. ರಿಮ್ ಎಡಕ್ಕೆ ವಾಲಿದ ಜಾಗದಲ್ಲಿ ಬಲಗಡೆಯ ಕಡ್ಡಿ ಬಿಗಿ ಮಾಡಬೇಕು, ಎಡಗಡೆಯದನ್ನು ಸಡಿಲಿಸಬೇಕು. ಒಂದು ಸಲಕ್ಕೆ ನಿಪ್ಪಲ್, ಅಂದರೆ ಕಡ್ಡಿಯನ್ನು ರಿಮ್ಮಿಗೆ ಬಿಗಿಯುವ ಪುಟ್ಟ ನಟ್ಟು, ಕಾಲು ಸುತ್ತು ತಿರುಗಿಸಿದರೆ ಸಾಕು.

ಒಂದು ಸಂಜೆ 36 ಕಡ್ಡಿಯ ಚಕ್ರವೊಂದನ್ನು ಪಟ್ಟಾಗಿ ಕೂತು ನೆಟ್ಟಗೆ ಮಾಡಿದೆ. ತಿರುಗಿಸಿದರೆ ಗೆರೆ ಎಳೆದ ಹಾಗೆ ಓಡುತ್ತಿತ್ತು. ಮರುದಿನ ಸೈಕಲ್ ಹತ್ತಿದ ಕೂಡಲೇ ಟಿಣ್ ಟಿಣ್ ಸದ್ದು. ವಾಪಸ್ ಬಂದು ನೋಡಿದರೆ ಮತ್ತೆ ಸೊಟ್ಟ! ಯಾಕೆ ಹೀಗಾಯಿತು ಅಂತ ಹೇಳಲು ನನ್ನ ಹತ್ತಿರ ಒಂದು ಮಾತೂ ಇರಲಿಲ್ಲ. ಅವತ್ತು ನನಗೆ ನಿಜಕ್ಕೂ ಬೇಜಾರಾಗಿದ್ದು ಅದಕ್ಕೇ.

ಕಾರಣ ತಿಳಿಯಲು ತಿಂಗಳುಗಳೇ ಹಿಡಿದವು. ನಿಪ್ಪಲ್ ತಿರುಗಿಸಿದಾಗ ಅದರ ಜೊತೆ ಕಡ್ಡಿಯೂ ಸ್ವಲ್ಪ ತಿರುಚಿಕೊಳ್ಳುತ್ತದೆ. ಬಿಗಿ ಹೆಚ್ಚಿದಷ್ಟೂ ತಿರುಚು ಜಾಸ್ತಿ. ಸ್ಟ್ಯಾಂಡ್ ಮೇಲೆ ಅದು ಸುಮ್ನೆ ಹಾಗೇ ಇರುತ್ತದೆ. ಸೈಕಲ್ ಮೇಲೆ ಕೂತು ಹೊರಟರೆ, ನೆಲದ ಕಡೆ ಬಂದ ಕಡ್ಡಿಯ ಬಿಗಿ ಒಂದು ಕ್ಷಣ ಕಡಿಮೆಯಾಗಿ ತಿರುಚು ಬಿಚ್ಚಿಕೊಳ್ಳುತ್ತದೆ. ನಾನು ಕೇಳಿದ್ದು ಅದೇ ಸದ್ದು. ಈಗ ಬೇಕಾದ್ದಕ್ಕಿಂತ ಚೂರು ಹೆಚ್ಚು ತಿರುಗಿಸಿ, ಆ ಚೂರನ್ನು ವಾಪಸ್ ಬಿಡುತ್ತೇನೆ. ಕಡ್ಡಿಗೆ ಟೇಪಿನ ತುಂಡನ್ನು ಬಾವುಟದ ಹಾಗೆ ಅಂಟಿಸಿ ನೋಡಿ, ತಿರುಚು ಕಣ್ಣಿಗೇ ಕಾಣುತ್ತದೆ.

ಆಮೇಲೆ ಕಿವಿಯನ್ನೂ ಪಳಗಿಸಿದೆ. ಮೀಟಿದರೆ ಒಂದೇ ಬದಿಯ ಕಡ್ಡಿಗಳು ಹೆಚ್ಚುಕಮ್ಮಿ ಒಂದೇ ಸ್ವರ ಕೊಡಬೇಕು. ಗೇರ್ ಇರುವ ಹಿಂದಿನ ಚಕ್ರದಲ್ಲಿ ಮಾತ್ರ ಸಾಮಾನ್ಯವಾಗಿ ಬಲಗಡೆಯ ಸ್ವರ ಏರಿರುತ್ತದೆ, ಏಕೆಂದರೆ ಆ ಬದಿಯ ಕಡ್ಡಿಗಳು ಹೆಚ್ಚು ಬಿಗಿ. ಮೊದಮೊದಲು ಅದನ್ನೇ ತಪ್ಪು ಅಂದುಕೊಂಡು ಎರಡೂ ಬದಿ ಸಮ ಮಾಡಲು ಹೋಗುತ್ತಿದ್ದೆ.

ಹೋದ ವರ್ಷ ಗೆಳೆಯನೊಬ್ಬ ಚಕ್ರ ತಂದ. ರಿಮ್ ಎಡಕ್ಕೆ ವಾಲಿತ್ತು. ಮೀಟಿ ನೋಡಿದೆ. ಅದೇ ಜಾಗದಲ್ಲಿ ಬಲಗಡೆಯ ಕಡ್ಡಿಗಳು ಆಗಲೇ ವಿಪರೀತ ಬಿಗಿ, ಎಡಗಡೆಯವು ಸಡಿಲ. ಅಂದರೆ ರಿಮ್ಮೇ ಬಗ್ಗಿದೆ ಅಂತ ಅರ್ಥ. ಹಿಂದೆ ಆಗಿದ್ದರೆ ಎರಡು ಗಂಟೆ ತಿರುಗಿಸಿ ತಿರುಗಿಸಿ ಹೇಗೋ ನೆಟ್ಟಗೆ ಮಾಡಿ ಕೊಡುತ್ತಿದ್ದೆ. ಅವನೂ ನಂಬಿಕೊಂಡು ಓಡಿಸುತ್ತಿದ್ದ, ಅಲ್ವಾ? ಈ ಸಲ ನಿಪ್ಪಲ್ ತಿರುಗಿಸುವ ಕೀ ಕೈಗೆತ್ತಿಕೊಳ್ಳಲೇ ಇಲ್ಲ.

"ರಿಮ್ ಬದಲಾಯಿಸಬೇಕು ಕಣೋ" ಅಂದೆ.

"ಒಂದು ಸಲ ಟ್ರೈ ಮಾಡೋ" ಅಂದ.

ಅವನ ಬೆರಳು ಹಿಡಿದು ಬಲಗಡೆಯದೊಂದು, ಎಡಗಡೆಯದೊಂದು ಕಡ್ಡಿ ಮೀಟಿಸಿದೆ. ಅವನು ಇನ್ನೊಂದು ಸಲ ತಾನೇ ಮೀಟಿ ಕೇಳಿದ. "ಸರಿ, ಯಾವ ರಿಮ್ ತರಲಿ ಹೇಳು" ಅಂದ.