ಹಾಜರಿ ಪುಸ್ತಕವನ್ನು ಅಡ್ಡಕ್ಕೆ ಓದಿದಾಗ

ರಾಯಚೂರು ಜಿಲ್ಲೆಯ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ನಾನು ಮೂರನೇ ತರಗತಿಗೆ ಪಾಠ ಮಾಡುತ್ತೇನೆ. ದಿನಾ ಬೆಳಿಗ್ಗೆ ಹಾಜರಿ ಕರೆದು ಕೆಳಗೆ ಒಟ್ಟು ಬರೆಯುವುದು ರೂಢಿ. ಹಾಲಿಗೆ, ಬಿಸಿಯೂಟಕ್ಕೆ ಆ ಲೆಕ್ಕ ಬೇಕು. 28 ಮಕ್ಕಳಲ್ಲಿ 24, 25 ಬರುತ್ತಿದ್ದರು. ಪರವಾಗಿಲ್ಲ ಅಂದುಕೊಂಡಿದ್ದೆ.

ಒಂದು ದಿನ 52ರಲ್ಲಿ 27 ಕಳೆಯಲು ಹೇಳಿದೆ. ಕಿಟಕಿ ಪಕ್ಕದ ಹುಡುಗಿ ಸ್ಲೇಟಿನಲ್ಲಿ 35 ಅಂತ ಬರೆದಿದ್ದಳು. 2ರಲ್ಲಿ 7 ಹೋಗುವುದಿಲ್ಲ ಅಂತ 7ರಲ್ಲೇ 2 ಕಳೆದುಬಿಟ್ಟಿದ್ದಳು. ಜಾಣೆ, ಕೂಡುವ ಲೆಕ್ಕ ಒಂದೂ ತಪ್ಪುತ್ತಿರಲಿಲ್ಲ. ಹತ್ತು ಕಡ್ಡಿಯ ಕಟ್ಟು ಬಿಚ್ಚಿ ಎಲ್ಲರಿಗೂ ತೋರಿಸಿದ್ದೆನಲ್ಲ? ಹಾಜರಿ ಪುಸ್ತಕ ತೆಗೆದೆ. ಕಟ್ಟು ಬಿಚ್ಚಿ ತೋರಿಸಿದ ದಿನ ಅವಳು ಬಂದಿರಲಿಲ್ಲ. ಬೆರಳಿಟ್ಟುಕೊಂಡು ಅವಳ ಹೆಸರಿನ ಸಾಲನ್ನು ಅಡ್ಡಕ್ಕೆ ಓದುತ್ತಾ ಹೋದೆ. ತಪ್ಪಿದ್ದು ಗುರುವಾರ, ಗುರುವಾರ, ಮತ್ತೆ ಗುರುವಾರ. ಸಂತೆಯ ದಿನ.

ಅಲ್ಲಿಯವರೆಗೆ ನಾನು ಮೇಲಿಂದ ಕೆಳಗೆ ಮಾತ್ರ ಓದಿದ್ದೆ. ಒಂದರಿಂದ ಐದನೇ ತರಗತಿಗೆ ವರ್ಷಕ್ಕೆ ಕನಿಷ್ಠ 200 ದಿನ ಪಾಠ ಆಗಬೇಕು ಅನ್ನುತ್ತದೆ ಶಿಕ್ಷಣ ಹಕ್ಕು ಕಾಯ್ದೆ. ವಾರದ ಆರು ದಿನದಲ್ಲಿ ಒಂದು ತಪ್ಪಿದರೆ ವರ್ಷಕ್ಕೆ 33 ದಿನ ಹೋಯಿತು. ಐದು ವರ್ಷಕ್ಕೆ 165. ಹತ್ತಿರ ಹತ್ತಿರ ಒಂದು ತರಗತಿಯೇ ಹೋದಂತೆ ಅಲ್ವಾ? ಆದರೂ ಹಾಜರಿ ಶೇಕಡಾ 83 ಇರುವುದರಿಂದ ಯಾರೂ ಕೇಳುವುದಿಲ್ಲ. ಗುಳೆ ಹೋದ ಮಗು ಎಲ್ಲರ ಕಣ್ಣಿಗೆ ಬೀಳುತ್ತದೆ, ಇಂಥ ಮಗು ಬೀಳುವುದಿಲ್ಲ.

ಸಂಜೆ ಅವಳ ಮನೆಗೆ ಹೋದೆ. ತಾಯಿ ಸಂತೆಯಲ್ಲಿ ಸೊಪ್ಪು ಮಾರುತ್ತಾರೆ. "ವಾರಕ್ಕೊಂದಿನ ಬಿಟ್ರ ಏನಾಗ್ತದ್ರಿ ಅಕ್ಕೋರೆ? ಸಣ್ಣವನ್ನ ಯಾರು ನೋಡ್ಕೋಬೇಕು?" ಅಂದರು. ಅವರ ಮಾತಿನಲ್ಲಿ ತಪ್ಪೇನಿಲ್ಲ. "52 ರೂಪಾಯಿಯಲ್ಲಿ 27 ಖರ್ಚಾದ್ರೆ ಎಷ್ಟು ಉಳೀತದ?" ಅಂತ ಕೇಳಿದೆ. "ಇಪ್ಪತ್ತೈದು" ಅಂದರು ತಕ್ಷಣ. ಆಗ ಮಗಳ ಸ್ಲೇಟು ತೋರಿಸಿದೆ. ತುಂಬಾ ಹೊತ್ತು ಅದನ್ನೇ ನೋಡಿದರು.

ತಮ್ಮನಿಗೆ ಮೂರು ವರ್ಷ ತುಂಬಿತ್ತು. ಶಾಲೆಯ ಪಕ್ಕದ ಅಂಗನವಾಡಿಗೆ ಸೇರಿಸಿದೆವು. ಅದು ಬಿಟ್ಟ ಮೇಲೆ ಗುರುವಾರ ನಮ್ಮ ತರಗತಿಯಲ್ಲೇ ಅಕ್ಕನ ಪಕ್ಕ ಮಲಗುತ್ತಾನೆ. ಗುರುವಾರ ಹೊಸ ಪಾಠ ಬೇಡ ಅಂತ ಜೊತೆಯ ಶಿಕ್ಷಕರೊಬ್ಬರು ಹೇಳಿದರು. ನಾನು ಒಪ್ಪಲಿಲ್ಲ. ಬಂದ ಮಕ್ಕಳ ದಿನವನ್ನೂ ಯಾಕೆ ಕಳೆಯಬೇಕು? ಅದರ ಬದಲು ಶುಕ್ರವಾರ ಬೆಳಿಗ್ಗೆ ಮೊದಲ ಇಪ್ಪತ್ತು ನಿಮಿಷ ತಪ್ಪಿಸಿಕೊಂಡವರ ಜೊತೆ ಕೂರುತ್ತೇನೆ, ಕಡ್ಡಿ ಕಟ್ಟು ಹಿಡಿದುಕೊಂಡು.

ಹತ್ತಿ ಬಿಡಿಸುವ ಕಾಲಕ್ಕೆ ಇದು ಸಾಲದು. ಕೆಜಿ ಲೆಕ್ಕದ ಕೂಲಿ, ಮಗುವಿನ ಕೈಯೂ ದುಡಿಯುತ್ತದೆ. ಕೂಲಿಯವರನ್ನು ಹೊಲಕ್ಕೆ ಕರೆದೊಯ್ಯುವ ಟಂಟಂ ಆಟೋ ಹೊರಡುವ ಮೊದಲೇ ಓಣಿಗೆ ಹೋಗಿ ನಿಲ್ಲುತ್ತೇನೆ. ಕಳೆದ ಸಲ ಇಬ್ಬರು ಇಳಿದು ನನ್ನ ಜೊತೆ ಬಂದರು. ಒಬ್ಬ ಹುಡುಗ ಹೋದ, ಮೂರು ವಾರ ಬರಲಿಲ್ಲ. ಅವನಿಗೆ ಈಗ ದಿನಾ ಊಟದ ನಂತರ ಮಗ್ಗಿ ಹೇಳಿಕೊಡುತ್ತಿದ್ದೇನೆ. ಏಳರ ಮಗ್ಗಿಗೆ ಬಂದಿದ್ದಾನೆ.