ದೋಣಿಗಿಂತ ಮೊದಲು ಗೂಟ ಹುಡುಕಿ
ಇಂಗ್ಲೆಂಡಿನಲ್ಲಿ ಹಳೆಯ ಹಾಯಿದೋಣಿ ಕೊಂಡು, ಅದನ್ನು ನೀರಿನಲ್ಲಿ ಕಟ್ಟಿಹಾಕಲು ಜಾಗ ಹಿಡಿಯುವುದು ಹೇಗೆ?

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರಂತೆ ಎಂದು ನಾವು ನಗುತ್ತೇವೆ. ಇಂಗ್ಲೆಂಡಿನ ದಕ್ಷಿಣ ಕರಾವಳಿಯಲ್ಲಿ ಹಾಯಿದೋಣಿ ಕೊಳ್ಳುವವರು ಮಾತ್ರ ನಗುವಂತಿಲ್ಲ. ಇಲ್ಲಿ ಕುಲಾವಿಯೇ ಮೊದಲು. ದೋಣಿಗಳೇನೋ ಬೇಕಾದಷ್ಟು ಸಿಗುತ್ತವೆ. ಒಂದು ಸೆಕೆಂಡ್ ಹ್ಯಾಂಡ್ ಕಾರಿನ ದುಡ್ಡಿಗೇ 26 ಅಡಿಯ ಹಳೆಯ ದೋಣಿ ಬಂದುಬಿಡುತ್ತದೆ. ಅದನ್ನು ಕಟ್ಟಿಹಾಕುವುದು ಎಲ್ಲಿ ಅನ್ನುವುದೇ ತಲೆನೋವು.

ನಾನು ಕುಂದಾಪುರದ ಕಡೆಯವನು. ಗಂಗೊಳ್ಳಿಯ ಅಳಿವೆಯಲ್ಲಿ ಸಣ್ಣ ದೋಣಿಗಳನ್ನು ದಡಕ್ಕೆ ಎಳೆದು, ತೆಂಗಿನ ಬುಡಕ್ಕೆ ಹಗ್ಗ ಸುತ್ತಿ ಮನೆಗೆ ಹೋಗುವವರನ್ನು ನೋಡಿ ಬೆಳೆದವನು. ಸೌತಾಂಪ್ಟನ್‌ಗೆ ಕೆಲಸಕ್ಕೆ ಬಂದ ಎರಡನೇ ವರ್ಷ ದೋಣಿಯ ಹುಚ್ಚು ಹತ್ತಿತು. ಕೈಯಲ್ಲಿ ಸ್ವಲ್ಪ ದುಡ್ಡಿತ್ತು, ಕೊಂಡೇಬಿಟ್ಟೆ. ಆಮೇಲೆ ಜಾಗ ಕೇಳಲು ಹೋದರೆ, "ಹೆಸರು ಬರೆಸಿ ಹೋಗಿ, ತಿಳಿಸುತ್ತೇವೆ" ಎಂದರು. ಆ ಬೇಸಿಗೆಯೆಲ್ಲ ದೋಣಿ ಕಟ್ಟುವ ದುಬಾರಿ ಜಾಗವಾದ ಮರೀನಾದ ಬಾಡಿಗೆ ಕಟ್ಟಿದೆ. ಎಷ್ಟು ಕಟ್ಟಿದೆ ಎಂದು ಮನೆಯಲ್ಲಿ ಇವತ್ತಿಗೂ ಪೂರ್ತಿ ಹೇಳಿಲ್ಲ. ಹಾಗಾಗಿ ಈ ಲೇಖನದ ಕ್ರಮ ನಾನು ನಡೆದ ದಾರಿಯದ್ದಲ್ಲ, ನಡೆಯಬೇಕಿದ್ದ ದಾರಿಯದ್ದು.

ಬೇರೆಯವರ ದೋಣಿ ಹತ್ತಿ

ಬ್ರಿಟನ್ನಿನ ಸಮುದ್ರದಲ್ಲಿ ಸ್ವಂತ ಖುಷಿಗೆ ಸಣ್ಣ ದೋಣಿ ಓಡಿಸಲು ಲೈಸೆನ್ಸ್ ಬೇಕಿಲ್ಲ. ಕೇಳಿದರೆ ಯಾರೂ ನಂಬುವುದಿಲ್ಲ, ಆದರೆ ನಿಜ. ಹಾಗಂತ ಏನೂ ಕಲಿಯದೆ ನೀರಿಗಿಳಿಯಬೇಡಿ. ರಾಯಲ್ ಯಾಟಿಂಗ್ ಅಸೋಸಿಯೇಷನ್, ಅಂದರೆ ಆರ್‌ವೈಎ, ನಡೆಸುವ ಪಾಠಗಳ ಕ್ರಮವಿದೆ. ದೋಣಿಯಲ್ಲಿ ಕೈಜೋಡಿಸಲು ಕಲಿಸುವ 5 ದಿನದ 'ಕಾಂಪಿಟೆಂಟ್ ಕ್ರ್ಯೂ'ನಿಂದ ಶುರು ಮಾಡಿ, ಆಮೇಲೆ ದೋಣಿ ನಡೆಸಲು ಕಲಿಸುವ 'ಡೇ ಸ್ಕಿಪ್ಪರ್'. ಮುಂದೆ ವಿಮೆಯವರು "ನಿಮ್ಮ ಅನುಭವ ಏನು?" ಎಂದು ಕೇಳಿದಾಗ ಈ ಸರ್ಟಿಫಿಕೇಟ್ ಕೈಹಿಡಿಯುತ್ತದೆ.

ಇದಕ್ಕಿಂತ ಅಗ್ಗದ ದಾರಿಯೂ ಉಂಟು. ಊರಿನ ಸೇಲಿಂಗ್ ಕ್ಲಬ್ಬಿಗೆ ಸೇರಿ. ಸಂಜೆಯ ರೇಸ್‌ಗಳಿಗೆ ಹಗ್ಗ ಎಳೆಯುವ ಕೈಗಳನ್ನು ದೋಣಿಯ ಮಾಲೀಕರು ಸದಾ ಹುಡುಕುತ್ತಿರುತ್ತಾರೆ. ನಿಮಗೆ ಸಮುದ್ರ ಒಗ್ಗುತ್ತದೋ, ಹೊಟ್ಟೆ ತೊಳೆಸುತ್ತದೋ ಎಂಬುದು ಬಿಟ್ಟಿಯಾಗಿ ಗೊತ್ತಾಗುತ್ತದೆ. ಜಾಗದ ಸುದ್ದಿ ಮೊದಲು ಕಿವಿಗೆ ಬೀಳುವುದೂ ಅಲ್ಲೇ. ಕೆಲವು ಕ್ಲಬ್ಬುಗಳ ಬಳಿ ತಮ್ಮದೇ ಮೂರಿಂಗ್‌ಗಳಿರುತ್ತವೆ, ಅಂದರೆ ನೀರಿನಲ್ಲಿ ದೋಣಿ ಕಟ್ಟುವ ಗೂಟಗಳು.

ಗೂಟದಲ್ಲಿ ಎಷ್ಟು ಬಗೆ?

ನೀರು ಖಾಲಿ ಇದೆಯಲ್ಲ, ಒಂದು ಕಾಂಕ್ರೀಟ್ ದಿಮ್ಮಿ ಇಳಿಸಿ ಸರಪಳಿ ಕಟ್ಟಿದರಾಯಿತು ಅಂತ ಅನ್ನಿಸುತ್ತದೆ, ಅಲ್ವಾ? ಆಗುವುದಿಲ್ಲ. ಇಂಗ್ಲೆಂಡಿನ ಸುತ್ತ 12 ನಾಟಿಕಲ್ ಮೈಲಿಯವರೆಗಿನ ಸಮುದ್ರತಳದಲ್ಲಿ ಹೆಚ್ಚಿನದು 'ಕ್ರೌನ್ ಎಸ್ಟೇಟ್' ಎಂಬ ಸಂಸ್ಥೆಯ ಕೈಲಿದೆ. ಅದರ ಮೇಲೆ ಆಯಾ ಬಂದರಿನ ಆಡಳಿತದ ನಿಯಮಗಳು. ಉದಾಹರಣೆಗೆ ಹ್ಯಾಂಬಲ್ ನದಿಯ ಬಂದರು ಆಡಳಿತವನ್ನು ಹ್ಯಾಂಪ್‌ಶೈರ್ ಕೌಂಟಿ ಕೌನ್ಸಿಲ್ ನೋಡಿಕೊಳ್ಳುತ್ತದೆ. ಚಿಚೆಸ್ಟರ್ ಬಂದರಿಗೆ 1971ರ ಕಾನೂನಿನಿಂದ ಹುಟ್ಟಿದ ಕನ್ಸರ್ವೆನ್ಸಿ ಎಂಬ ಆಡಳಿತ ಮಂಡಳಿ ಇದೆ. ಆದ್ದರಿಂದ ನೀವು ಹೋಗಬೇಕಾದ ಮೊದಲ ಬಾಗಿಲು ದೋಣಿಯ ದಲ್ಲಾಳಿಯದ್ದಲ್ಲ, ಬಂದರಿನ ಅಧಿಕಾರಿಯಾದ ಹಾರ್ಬರ್ ಮಾಸ್ಟರ್ ಆಫೀಸಿನದ್ದು.

ಅಲ್ಲಿ ನಿಮಗೆ ಸಿಗಬಹುದಾದ ಜಾಗಗಳು ಹೀಗಿವೆ. ಮರೀನಾ ಎಂದರೆ ತೇಲುವ ಕಟ್ಟೆಗೆ ದೋಣಿ ಕಟ್ಟುವುದು. ನಲ್ಲಿ ನೀರು, ಕರೆಂಟು, ಸ್ನಾನದ ಮನೆ ಎಲ್ಲ ಇರುತ್ತದೆ, ಚಪ್ಪಲಿ ಹಾಕಿಕೊಂಡೇ ದೋಣಿ ಹತ್ತಬಹುದು. ಬಾಡಿಗೆ ಮೀಟರ್ ಲೆಕ್ಕದಲ್ಲಿ, ಮತ್ತು ತುಂಬಾ ಜಾಸ್ತಿ. ಉದ್ದ ಅಳೆಯುವಾಗ ಮೂತಿಯಿಂದ ಆಚೆ ಚಾಚಿದ ಲಂಗರು, ಹಿಂದೆ ನೇತಾಡುವ ಏಣಿ ಎಲ್ಲವನ್ನೂ ಸೇರಿಸುವವರಿದ್ದಾರೆ. ದಾಖಲೆಯಲ್ಲಿ 8 ಮೀಟರ್ ಇದ್ದದ್ದು ಬಿಲ್ಲಿನಲ್ಲಿ ಎಂಟೂವರೆ ಆಗುವುದು ಹೀಗೆ.

ಎರಡನೆಯದು ಸ್ವಿಂಗಿಂಗ್ ಮೂರಿಂಗ್. ತಳದಲ್ಲಿ ಭಾರದ ದಿಮ್ಮಿ, ಅದರಿಂದ ಸರಪಳಿ, ಮೇಲೆ ಬೋಯ್ ಎಂಬ ತೇಲುವ ಗುಂಡು. ಮೇಯಲು ಕಟ್ಟಿದ ಹಸುವಿನ ಹಾಗೆ ದೋಣಿ ಗಾಳಿ ಮತ್ತು ಸೆಳವಿಗೆ ತಕ್ಕಂತೆ ಗೂಟದ ಸುತ್ತ ತಿರುಗುತ್ತಿರುತ್ತದೆ. ಬಾಡಿಗೆ ಮರೀನಾಕ್ಕೆ ಹೋಲಿಸಿದರೆ ಬಹಳ ಕಡಿಮೆ. ಆದರೆ ದಡದಿಂದ ದೋಣಿಗೆ ಹೋಗಲು ಇನ್ನೊಂದು ಪುಟ್ಟ ದೋಣಿ ಬೇಕು. ನದಿಗಳಲ್ಲಿ ಎರಡು ಕಂಬಗಳ ನಡುವೆ ಹಿಂದೆ ಮುಂದೆ ಕಟ್ಟುವ ಪೈಲ್ ಮೂರಿಂಗ್ ಇರುತ್ತದೆ. ಅಲ್ಲಿ ದೋಣಿ ತಿರುಗುವುದಿಲ್ಲ, ಹಾಗಾಗಿ ಇಕ್ಕಟ್ಟಾದ ಜಾಗದಲ್ಲೂ ಹೆಚ್ಚು ದೋಣಿಗಳು ಹಿಡಿಯುತ್ತವೆ.

ಮೂರನೆಯದು ಒಣಗುವ ಮೂರಿಂಗ್. ಅಗ್ಗಕ್ಕೆ ಹೆಚ್ಚಾಗಿ ಸಿಗುವುದು ಇದೇ. ನಮ್ಮ ಕಡೆಯವರಿಗೆ ತಲೆಗೆ ಹತ್ತದಿರುವುದೂ ಇದೇ. ಮಂಗಳೂರಿನಲ್ಲಿ ಉಬ್ಬರ ಇಳಿತದ ವ್ಯತ್ಯಾಸ ಎರಡು ಮೀಟರಿನೊಳಗೆ ಮುಗಿಯುತ್ತದೆ. ಸೌತಾಂಪ್ಟನ್‌ನಲ್ಲಿ ಹುಣ್ಣಿಮೆ ಅಮಾವಾಸ್ಯೆಯ ಆಸುಪಾಸು ಅದು ಸುಮಾರು 4 ಮೀಟರ್. ಬೆಳಿಗ್ಗೆ ತೇಲುತ್ತಿದ್ದ ದೋಣಿ ಮಧ್ಯಾಹ್ನ ಕೆಸರಿನ ಮೇಲೆ ಕೂತಿರುತ್ತದೆ.

ಅದಕ್ಕೇ ಒಂದು ಲೆಕ್ಕ ಕಲಿಯಲೇಬೇಕು. ಬ್ರಿಟನ್ನಿನ ನಕ್ಷೆಯಲ್ಲಿ ಬರೆದ ಆಳವೆಂದರೆ ನೀರು ಅತ್ಯಂತ ಕೆಳಗಿಳಿದಾಗ ಇರುವ ಆಳ. ನಕ್ಷೆಯಲ್ಲಿ 1.2 ಮೀಟರ್ ಇದೆ, ಆ ಹೊತ್ತಿನ ಉಬ್ಬರದ ಎತ್ತರ 0.5 ಮೀಟರ್ ಇದೆ ಎಂದರೆ ನಿಜವಾದ ನೀರು 1.7 ಮೀಟರ್. ನಿಮ್ಮ ದೋಣಿ 1.5 ಮೀಟರ್ ಮುಳುಗುವಂಥದ್ದಾದರೆ ತಳದ ಕೆಳಗೆ ಉಳಿಯುವುದು ಒಂದು ಗೇಣು. ಇನ್ನು ಅಂಕಿಯ ಕೆಳಗೆ ಗೆರೆ ಎಳೆದಿದ್ದರೆ ಆ ಜಾಗ ಒಣಗುತ್ತದೆ, ಅತ್ಯಂತ ಇಳಿದ ನೀರಿಗಿಂತ ಅಷ್ಟು ಮೀಟರ್ ಮೇಲಿದೆ ಎಂದರ್ಥ. ಗೆರೆ ಎಳೆದ 1.1 ಇದ್ದ ಕಡೆ ಅದೇ ದೋಣಿ ತೇಲಲು ಉಬ್ಬರ 2.6 ಮೀಟರ್ ಏರಬೇಕು. 0.9 ಮೀಟರ್ ಮಾತ್ರ ಮುಳುಗುವ ದೋಣಿಗೆ 2 ಮೀಟರ್ ಸಾಕು. ಇಷ್ಟೇ ವ್ಯತ್ಯಾಸದಿಂದ ದಿನಕ್ಕೆ ಎಷ್ಟೋ ಗಂಟೆ ಹೆಚ್ಚಿಗೆ ದೋಣಿ ಓಡಿಸಲು ಸಿಗುತ್ತದೆ.

ಯಾವ ದೋಣಿ ಕೊಳ್ಳಬೇಕು ಎಂಬ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಸಿಕ್ಕಿತು ನೋಡಿ. ಒಣಗುವ ಜಾಗವೇ ಸಿಕ್ಕರೆ ತಳದಲ್ಲಿ ಜೋಡಿ ಕೀಲ್, ಅಂದರೆ ಕೆಳಕ್ಕೆ ಚಾಚಿದ ಎರಡು ಭಾರದ ರೆಕ್ಕೆ, ಇರುವ ದೋಣಿ ಹುಡುಕಿ. ನೀರು ಇಳಿದಾಗ ಅದು ಎರಡು ಕಾಲಿನ ಮೇಲೆ ನೆಟ್ಟಗೆ ಕೂರುತ್ತದೆ. 'ವೆಸ್ಟರ್ಲಿ ಸೆಂಟಾರ್' ಎಂಬ 26 ಅಡಿಯ ದೋಣಿ ಇಲ್ಲಿ ಮನೆಮಾತು. 1969ರಿಂದ 1980ರವರೆಗೆ ಎರಡು ಸಾವಿರಕ್ಕೂ ಹೆಚ್ಚು ಕಟ್ಟಿದರು. ಅದು ಮುಳುಗುವುದು ಸುಮಾರು 0.9 ಮೀಟರ್ ಮಾತ್ರ. ನೋಡಲು ಅಂಥಾ ಚೆಲುವೆಯಲ್ಲ, ಗಾಳಿಗೆ ಎದುರು ಹೋಗುವಾಗ ಸ್ವಲ್ಪ ಸೋಮಾರಿ. ಆದರೂ ಮೊದಲ ದೋಣಿಗೆ ನನ್ನ ಓಟು ಇಂಥದ್ದಕ್ಕೇ.

ಒಪ್ಪಂದಕ್ಕೆ ಸಹಿ ಹಾಕುವ ಮುಂಚೆ ಇಷ್ಟು ಕೇಳಿ: ಎಷ್ಟು ಉದ್ದದ, ಎಷ್ಟು ಆಳದ ದೋಣಿಗೆ ಈ ಜಾಗ? ಸರಪಳಿಯನ್ನು ಎತ್ತಿ ನೋಡುವುದು ಯಾರು, ವರ್ಷಕ್ಕೊಮ್ಮೆ ನೋಡುತ್ತಾರಾ? ಬಂದರಿನ ಶುಲ್ಕ ಬಾಡಿಗೆಯಲ್ಲೇ ಸೇರಿದೆಯಾ, ಬೇರೆಯಾ? ದೋಣಿಯಲ್ಲೇ ವಾಸ ಮಾಡುವ ಆಸೆಯಿದ್ದರೆ ಅದನ್ನೂ ಬಾಯಿಬಿಟ್ಟು ಕೇಳಿ, ಹಲವು ಕಡೆ ಬಿಡುವುದಿಲ್ಲ. ಇನ್ನೊಂದು ಮಾತು. "ಮೂರಿಂಗ್ ಸಮೇತ ಮಾರಾಟಕ್ಕಿದೆ" ಎಂಬ ಜಾಹೀರಾತು ಕಂಡರೆ ಹಿಗ್ಗಬೇಡಿ. ಸಾಮಾನ್ಯವಾಗಿ ಮೂರಿಂಗ್ ಇರುವುದು ಮನುಷ್ಯನ ಹೆಸರಿಗೆ, ದೋಣಿಯ ಜೊತೆ ಬರುವುದಿಲ್ಲ. ಹಾರ್ಬರ್ ಆಫೀಸಿಗೆ ಒಂದು ಫೋನ್ ಮಾಡಿ ಖಾತ್ರಿ ಮಾಡಿಕೊಳ್ಳಿ.

ಪುಟ್ಟ ದೋಣಿ ಎಂದೆನಲ್ಲ, ಅದನ್ನು ಇಡಲೂ ದಡದಲ್ಲಿ ಜಾಗ ಬೇಕು, ಅದಕ್ಕೂ ಪರ್ಮಿಟ್. ನನಗೆ ಕೊನೆಗೂ ಮೂರಿಂಗ್ ಸಿಕ್ಕಿದ ದಿನ ಈ ಸಂಗತಿ ಗೊತ್ತಾಯಿತು. ಒಂದು ತಿಂಗಳು ರಬ್ಬರ್ ದೋಣಿಯ ಗಾಳಿ ಬಿಟ್ಟು, ಮಡಚಿ, ಕಾರಿನ ಡಿಕ್ಕಿಯಲ್ಲಿ ಹಾಕಿಕೊಂಡು ಓಡಾಡಿದೆ. ಕಾರಿಗೆ ಇನ್ನೂ ಕೆಸರಿನ ವಾಸನೆ ಹೋಗಿಲ್ಲ.

ದೋಣಿ ನೋಡಲು ಹೋದಾಗ

ಜಾಗ ಗೊತ್ತಾಯಿತು, ಅಳತೆ ಗೊತ್ತಾಯಿತು. ಈಗ ದೋಣಿ. ಶರತ್ಕಾಲದಲ್ಲಿ ನೋಡಿ. ಚಳಿಗಾಲದ ಖರ್ಚು ತಪ್ಪಿಸಿಕೊಳ್ಳಲು ಮಾರುವವರು ಬೆಲೆ ಇಳಿಸುವ ಕಾಲ ಅದು.

ಎಂಜಿನ್ ಮೊದಲೇ ಬಿಸಿ ಮಾಡಿಡಬೇಡಿ ಎಂದು ಫೋನಿನಲ್ಲೇ ಹೇಳಿ. ಹೋದ ಕೂಡಲೇ ಮುಟ್ಟಿ ನೋಡಿ. ಬೆಚ್ಚಗಿದ್ದರೆ, ತಣ್ಣಗಿರುವಾಗ ಅದು ಸುಲಭಕ್ಕೆ ಸ್ಟಾರ್ಟ್ ಆಗುವುದಿಲ್ಲ ಎಂದು ಅನುಮಾನಿಸಿ. ಆಯಿಲ್ ಹಾಲು ಬೆರೆಸಿದ ಹಾಗೆ ಬೆಳ್ಳಗಿದ್ದರೆ ಒಳಗೆ ನೀರು ಸೇರಿದೆ. ದೋಣಿಯ ಒಳಗೆ ಹಾಸಿಗೆ ಎತ್ತಿ ಮೂಸಿ ನೋಡಿ. ತಳದಲ್ಲಿ ಸಮುದ್ರದ ನೀರು ಒಳಬಿಡುವ ಹಿತ್ತಾಳೆಯ ಕವಾಟಗಳಿರುತ್ತವೆ, ಅವುಗಳ ಮೇಲೆ ಗುಲಾಬಿ ಬಣ್ಣ ಕಂಡರೆ ಲೋಹದಲ್ಲಿನ ಸತು ಕರಗಿ ಹೋಗಿದೆ ಎಂದರ್ಥ. ಅಂಥದ್ದು ಒಂದು ದಿನ ಕೈಯಲ್ಲೇ ಮುರಿಯುತ್ತದೆ. ಕೂವೆಮರವನ್ನು ಹಿಡಿದ ತಂತಿಗಳಿಗೆ ಎಷ್ಟು ವಯಸ್ಸು ಎಂದು ಕೇಳಿ. ಹತ್ತು ಹದಿನೈದು ವರ್ಷ ದಾಟಿದ್ದರೆ ವಿಮೆಯವರು ಬದಲಾಯಿಸಿ ಎನ್ನಬಹುದು, ಅದು ಸಣ್ಣ ಖರ್ಚಲ್ಲ.

ಇಷ್ಟೆಲ್ಲ ನೋಡಿಯೂ ನಿಮ್ಮ ಕಣ್ಣನ್ನು ನಂಬಬೇಡಿ. ಬೆಲೆ ಕುದುರಿದ ಮೇಲೆ, "ಸರ್ವೇಗೆ (ಪರಿಣತರ ತಪಾಸಣೆಗೆ) ಒಳಪಟ್ಟು" ಎಂಬ ಷರತ್ತಿನ ಮೇಲೆ ಶೇ 10 ಮುಂಗಡ ಕೊಡುವುದು ಇಲ್ಲಿನ ರೂಢಿ. ದಲ್ಲಾಳಿ ಇಲ್ಲದ ನೇರ ಮಾರಾಟಕ್ಕೆ ಆರ್‌ವೈಎಯ ಸಿದ್ಧ ಒಪ್ಪಂದಪತ್ರ ಇದೆ. ಸರ್ವೇಯರನ್ನು ನೀವೇ ಹಿಡಿಯಿರಿ. ದೋಣಿಯನ್ನು ಕ್ರೇನಿನಲ್ಲಿ ಎತ್ತಿಸುವ ಖರ್ಚೂ ನಿಮ್ಮದೇ. ಮಾರುವವರು "ಹೋದ ವರ್ಷವೇ ಸರ್ವೇ ಆಗಿದೆ, ನೋಡಿ" ಎಂದು ಕಾಗದ ಕೊಟ್ಟರೆ ಓದಿ, ಆದರೆ ಅದರ ಮೇಲೆ ದುಡ್ಡು ಹಾಕಬೇಡಿ. ಆ ವರದಿಯಲ್ಲಿ ತಪ್ಪಿದ್ದರೆ ಸರ್ವೇಯರ್ ಉತ್ತರ ಕೊಡಬೇಕಾದ್ದು ಬರೆಸಿದವರಿಗೆ, ನಿಮಗಲ್ಲ.

ಕಾಗದಪತ್ರ

ಕಾರಿಗೆ ಇರುವ ಹಾಗೆ ಎಲ್ಲ ದೋಣಿಗೂ ಕಡ್ಡಾಯ ನೋಂದಣಿ ಇಲ್ಲಿಲ್ಲ. ಹಾಗಾಗಿ ಮಾಲೀಕ ಯಾರು ಎಂಬುದನ್ನು ಹಳೆಯ ಮಾರಾಟಪತ್ರಗಳ ಸರಣಿಯಿಂದಲೇ ಹಿಡಿಯಬೇಕು. ಮಾರಾಟಪತ್ರದಲ್ಲಿ 64 ಪಾಲು ಎಂದು ಬರೆದಿದ್ದರೆ ಗಾಬರಿ ಬೇಡ. ಬ್ರಿಟನ್ನಿನಲ್ಲಿ ಹಡಗಿನ ಒಡೆತನವನ್ನು 64 ಪಾಲಾಗಿ ಎಣಿಸುವುದು ಹಳೆಯ ಪದ್ಧತಿ. ಅರವತ್ತನಾಲ್ಕೂ ನಿಮ್ಮ ಹೆಸರಿಗೆ ಬಂದಿವೆಯೇ ನೋಡಿಕೊಳ್ಳಿ. ಸ್ಮಾಲ್ ಶಿಪ್ಸ್ ರಿಜಿಸ್ಟರ್ ಎಂಬ ಸರಳ ನೋಂದಣಿ 5 ವರ್ಷಕ್ಕೆ ಸಿಗುತ್ತದೆ. ವಿದೇಶಕ್ಕೆ ಹೋಗಲು ಅದು ಸಾಕು, ಆದರೆ ಒಡೆತನಕ್ಕೆ ಸಾಕ್ಷಿ ಅಲ್ಲ. ಒಡೆತನ, ಸಾಲ ಎಲ್ಲ ದಾಖಲಾಗುವುದು 'ಪಾರ್ಟ್ 1' ನೋಂದಣಿಯಲ್ಲಿ.

ಸಾಲದ ವಿಷಯದಲ್ಲಿ ಹುಷಾರು. ಹಳೆಯ ಮಾಲೀಕ ಉಳಿಸಿದ ಕೆಲವು ಬಾಕಿಗಳು ದೋಣಿಗೇ ಅಂಟಿಕೊಂಡು ನಿಮ್ಮ ಮನೆಗೆ ಬರಬಹುದು. ಮರೀನಾ ಬಾಡಿಗೆ, ರಿಪೇರಿ ಬಿಲ್ಲು ಕಟ್ಟಿದ ರಸೀದಿ ಕೇಳಿ ಇಸಿದುಕೊಳ್ಳಿ. ವ್ಯಾಟ್ ಕಟ್ಟಿದ ಮೂಲ ಬಿಲ್ಲನ್ನೂ ಕೇಳಿ. ಇಲ್ಲಿ ವ್ಯಾಟ್ ಶೇ 20, ಕಟ್ಟಿಲ್ಲವೆಂದು ಆಮೇಲೆ ಗೊತ್ತಾದರೆ ನಿದ್ದೆ ಬರುವುದಿಲ್ಲ. ಬ್ರೆಕ್ಸಿಟ್ ಆದ ಮೇಲೆ ಇನ್ನೊಂದು ಗೋಜಲು ಸೇರಿದೆ. 2020ರ ಡಿಸೆಂಬರ್ 31ರಂದು ಆ ದೋಣಿ ಬ್ರಿಟನ್ನಿನಲ್ಲಿತ್ತೋ, ಯುರೋಪಿನಲ್ಲಿತ್ತೋ ಎಂಬುದರ ಪುರಾವೆ ಬೇಕಾಗುತ್ತದೆ. ಫ್ರಾನ್ಸಿನಲ್ಲಿ ಅಗ್ಗಕ್ಕೆ ಸಿಗುತ್ತದೆ ಎಂದು ಓಡುವವರು ಇದನ್ನು ಮೊದಲು ಯೋಚಿಸಲಿ.

ವಿಮೆ, ರೇಡಿಯೊ, ವೀಸಾ

ಸಮುದ್ರದ ದೋಣಿಗೆ ವಿಮೆ ಕಾನೂನಿನಲ್ಲಿ ಕಡ್ಡಾಯವಲ್ಲ. ಆದರೆ ವಿಮೆ ತೋರಿಸದೆ ಜಾಗ ಕೊಡುವವರು ಕಡಿಮೆ. ಇತರರಿಗೆ ಆಗುವ ನಷ್ಟಕ್ಕೆ 30 ಲಕ್ಷ ಪೌಂಡ್ ರಕ್ಷಣೆ ಇರಬೇಕು ಎಂದು ಕೇಳುವುದು ಸಾಮಾನ್ಯ. ಸ್ವಿಂಗಿಂಗ್ ಮೂರಿಂಗ್ ಎಂದಾದರೆ ಪಾಲಿಸಿಯ ಸಣ್ಣಕ್ಷರ ಓದಿ, ಚಳಿಗಾಲದಲ್ಲಿ ದೋಣಿ ದಡಕ್ಕೆ ಹತ್ತಿಸಬೇಕು ಎಂಬ ಷರತ್ತು ಇರಬಹುದು. ದೋಣಿಯಿಂದ ಮಾತಾಡುವ ವಿಎಚ್‌ಎಫ್ ರೇಡಿಯೊ ಇದ್ದರೆ ದೋಣಿಗೆ ಆಫ್‌ಕಾಮ್ ಎಂಬ ಸಂಪರ್ಕ ನಿಯಂತ್ರಣ ಸಂಸ್ಥೆಯ ಲೈಸೆನ್ಸ್ ಬೇಕು, ಆನ್‌ಲೈನಿನಲ್ಲಿ ಬಿಟ್ಟಿ. ಮಾತಾಡುವ ನಿಮಗೆ ಬೇರೆ ಸರ್ಟಿಫಿಕೇಟ್, ಅದಕ್ಕೆ ಪರೀಕ್ಷೆ ಉಂಟು.

ಭಾರತದ ಪಾಸ್‌ಪೋರ್ಟ್ ಇರುವವರಿಗೆ ಒಂದು ಕಿವಿಮಾತು. ಇಲ್ಲಿನ ಸೋಲೆಂಟ್ ಜಲಸಂಧಿಯಿಂದ ಫ್ರಾನ್ಸಿನ ಷೆರ್ಬೂರ್ಗ್ ಬಂದರು ಒಂದು ದಿನದ ಹಾದಿ. ಸ್ವಂತ ದೋಣಿಯಲ್ಲಿ ಹೋದರೂ ಷೆಂಗೆನ್ ವೀಸಾ ಬೇಕೇ ಬೇಕು.

ಕೊನೆಗೆ, ಬೋಯ್ ಹಿಡಿಯುವುದು

ಮೊದಲ ಸಲ ಮೂರಿಂಗ್‌ಗೆ ಬರುವಾಗ ಅಕ್ಕಪಕ್ಕದ ದೋಣಿಗಳ ಮೂತಿ ಯಾವ ಕಡೆ ಇದೆ ನೋಡಿ. ನೀವೂ ಅದೇ ಕಡೆ ಮೂತಿ ಮಾಡಿ, ಸೆಳವಿಗೆ ಎದುರಾಗಿ ನಿಧಾನಕ್ಕೆ ಬನ್ನಿ. ಸೆಳವೇ ನಿಮ್ಮ ಬ್ರೇಕು. ಬೋಯ್ ತಪ್ಪಿದರೆ ಬಗ್ಗಿ ಹಿಡಿಯಲು ಹೋಗಬೇಡಿ, ಸುಮ್ನೆ ಇನ್ನೊಂದು ಸುತ್ತು ಹಾಕಿ ಬನ್ನಿ. ದಡದಲ್ಲಿ ಕೂತವರು ನೋಡುತ್ತಿರುತ್ತಾರೆ, ನೋಡಲಿ ಬಿಡಿ. ಒಂದು ಹಗ್ಗ ಕಟ್ಟಿದ ಮೇಲೆ ಎರಡನೆಯದನ್ನೂ ಕಟ್ಟಿ. ದೋಣಿಯ ಅಂಚಿಗೆ ಉಜ್ಜುವ ಕಡೆ ಹಗ್ಗಕ್ಕೆ ತೋಟದ ಪೈಪಿನ ತುಂಡು ತೊಡಿಸಿ. ಐದು ನಿಮಿಷ ನಿಂತು, ದೋಣಿ ಪಕ್ಕದವರಿಗೆ ತಾಗದೆ ತಿರುಗುತ್ತದಾ ನೋಡಿ. ಎಂಜಿನ್ ಆಫ್ ಮಾಡುವುದು ಆಮೇಲೆ.