ಹದಿನಾರು ಕಂಪ್ಯೂಟರ್ ಆಗುವವರೆಗೆ ಸರ್ವರ್ ತರದೆ ಕಾದೆ

ಕಚೇರಿಯ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಐದು ಕಂಪ್ಯೂಟರ್ ಇದ್ದಾಗಲೇ ಸರ್ವರ್ (ಎಲ್ಲರ ಫೈಲು, ಪಾಸ್‌ವರ್ಡ್‌ಗಳನ್ನು ಒಂದೇ ಕಡೆ ಇಡುವ ಯಂತ್ರ) ಮಾರುವವರು ಬಂದು ಹೋಗಿದ್ದರು. ಹನ್ನೆರಡಾದಾಗ ಇದೇ ಕೆಲಸದಲ್ಲಿರುವ ಗೆಳೆಯನೊಬ್ಬ, ಹತ್ತು ದಾಟಿದ ಮೇಲೂ ಸರ್ವರ್ ಇಲ್ಲದಿದ್ದರೆ ತಪ್ಪಾಗುತ್ತದೆ ಎಂದ. ಖರ್ಚಿಗೆ ಸಹಿ ಹಾಕುವ ಲೆಕ್ಕ ವಿಭಾಗದ ಹಿರಿಯರಂತೂ ಸರ್ವರ್ ಎಂದರೆ ನೀರಿನಲ್ಲಿ ಮಾಡಿದ ಹೋಮ ಎಂದೇ ನಂಬಿದ್ದರು. ನಾನು ಯಾರೊಡನೆಯೂ ವಾದಕ್ಕೆ ಇಳಿಯದೆ ಒಂದು ನೋಟ್‌ಬುಕ್ ಇಟ್ಟೆ. ಫೈಲು ಸಿಗದೆ ಯಾರ ಕೆಲಸ ಎಷ್ಟು ಹೊತ್ತು ನಿಂತಿತು, ಒಬ್ಬರ ಪಾಸ್‌ವರ್ಡ್ ಬದಲಿಸಲು ನಾನು ಎಷ್ಟು ಕಂಪ್ಯೂಟರ್‌ಗಳ ಮುಂದೆ ಕುಳಿತೆ ಎಂಬುದನ್ನಷ್ಟೇ ಅದರಲ್ಲಿ ಬರೆದೆ.

ಮೊದಲ ತಿಂಗಳು ಒಟ್ಟು ಆರು ಗಂಟೆ ಹಾಳಾಗಿತ್ತು. ಹದಿನಾರು ಕಂಪ್ಯೂಟರ್ ಆದ ತಿಂಗಳು ಅದು ಮೂವತ್ತರ ಹತ್ತಿರ ಬಂತು. ಯಂತ್ರ ಹೆಚ್ಚಿದ್ದು ನಾಲ್ಕೇ, ನಷ್ಟ ಮಾತ್ರ ಐದು ಪಟ್ಟು. ವರ್ಕ್‌ಗ್ರೂಪ್‌ನಲ್ಲಿ, ಅಂದರೆ ಸರ್ವರ್ ಇಲ್ಲದೆ ಯಂತ್ರಗಳು ನೇರವಾಗಿ ಹಂಚಿಕೊಳ್ಳುವ ಜಾಲದಲ್ಲಿ, ಎಲ್ಲರೂ ಎಲ್ಲರಿಗೂ ಫೋಲ್ಡರ್ ಹಂಚಿದರೆ ಐದು ಯಂತ್ರಗಳಿಗೆ 20 ದಾರಿಗಳು, ಹದಿನಾರಕ್ಕೆ 240. ಅಷ್ಟನ್ನೂ ನಾನೊಬ್ಬನೇ ಕಾಯಬೇಕಿತ್ತು.

ಅದಕ್ಕಿಂತ ದೊಡ್ಡ ಸುಳಿವು ಲೆಕ್ಕ ವಿಭಾಗದ ಒಂದು ಕಂಪ್ಯೂಟರ್‌ನ ಮೇಲೇ ಇತ್ತು: ‘ದಯವಿಟ್ಟು ಆಫ್ ಮಾಡಬೇಡಿ’ ಎಂಬ ಚೀಟಿ. ಅಂತಹ ಚೀಟಿ ಅಂಟಿದ ದಿನವೇ ಆ ಯಂತ್ರ ಸರ್ವರ್ ಆಗಿರುತ್ತದೆ, ಆದರೆ ಅದಕ್ಕೆ ಒಂದು ಕೆಟ್ಟರೆ ಇನ್ನೊಂದು ಉಳಿಯುವ ಜೋಡಿ ಡಿಸ್ಕ್ ಇಲ್ಲ, ಬ್ಯಾಕಪ್ ಇಲ್ಲ, ಯುಪಿಎಸ್ ಇಲ್ಲ. ಅದರಲ್ಲಿದ್ದ ವಿಂಡೋಸ್ 10 ಏಕಕಾಲಕ್ಕೆ 20 ಸಾಧನಗಳಿಗಿಂತ ಹೆಚ್ಚಿಗೆ ಫೋಲ್ಡರ್ ಹಂಚುವುದಿಲ್ಲ. ಲ್ಯಾಪ್‌ಟಾಪ್, ಸ್ಕ್ಯಾನರ್‌ಗಳೂ ಸೇರಿ ನಾವು ಆ ಗಡಿ ಮುಟ್ಟಿದ್ದೆವು. ತಡವಾಗಿ ಬಂದವರಿಗೆ ಫೋಲ್ಡರ್ ತೆರೆಯುತ್ತಿರಲಿಲ್ಲ.

ಹಣ ಕೇಳುವ ಮೊದಲು ಮೂಲೆಗೆ ಸೇರಿದ್ದ ಹಳೆಯ ಕಂಪ್ಯೂಟರ್ ಒಂದಕ್ಕೆ ಉಚಿತ ಕಾರ್ಯಾಚರಣಾ ವ್ಯವಸ್ಥೆ ಲಿನಕ್ಸ್ ಮತ್ತು ವಿಂಡೋಸ್ ಯಂತ್ರಗಳಿಗೆ ಫೈಲು ಹಂಚುವ ಸಾಂಬಾ ಎಂಬ ತಂತ್ರಾಂಶ ಹಾಕಿ ನೋಡಿದೆ. ನಾಲ್ಕನೆಯ ಆವೃತ್ತಿ ಬಂದಾಗಿನಿಂದ ಸಾಂಬಾ ಆಕ್ಟಿವ್ ಡೈರೆಕ್ಟರಿ ಡೊಮೇನ್ ಕಂಟ್ರೋಲರ್ (ಡೊಮೇನ್ ಎಂಬ ಒಂದೇ ಗುಂಪಿಗೆ ಸೇರಿದ ಯಂತ್ರಗಳ ಖಾತೆ, ಪಾಸ್‌ವರ್ಡ್ ನೋಡಿಕೊಳ್ಳುವ ಸರ್ವರ್) ಕೂಡ ಆಗಬಲ್ಲದು, ಆದರೆ ನಾನು ಫೈಲುಗಳಿಗಷ್ಟೇ ಬಳಸಿದೆ. ಫೈಲು ಸಾಗುವ ವೇಗ ಸೆಕೆಂಡಿಗೆ 11 ಮೆಗಾಬೈಟ್ ದಾಟಲೇ ಇಲ್ಲ. ಎರಡು ವಾರ ಸಾಂಬಾದ ಸೆಟ್ಟಿಂಗ್‌ಗಳನ್ನು ತಿರುವಿ ಹಾಕಿದ ಮೇಲೆ ಕಂಡಿತು, ಅಡ್ಡಿಯಾಗಿದ್ದದ್ದು ಕಂಪ್ಯೂಟರ್‌ಗಳ ಕೇಬಲ್‌ಗಳನ್ನು ಜೋಡಿಸುವ ಹಳೆಯ 100 ಮೆಗಾಬಿಟ್ ಸ್ವಿಚ್ (ಎಂಟು ಬಿಟ್‌ಗೆ ಒಂದು ಬೈಟ್). ಗಿಗಾಬಿಟ್ ಸ್ವಿಚ್ ಹಾಕಿದ ದಿನವೇ ವೇಗ ನೂರರ ಆಸುಪಾಸಿಗೆ ಏರಿತು. ಅದರ ಬೆಲೆ ಒಂದು ಕಂಪ್ಯೂಟರ್ ಬೆಲೆಯ ಹತ್ತನೆಯ ಒಂದು ಭಾಗವೂ ಇರಲಿಲ್ಲ. ಎರಡನೆಯ ತಿಂಗಳು ಆ ಹಳೆಯ ಕಂಪ್ಯೂಟರಿನ ಏಕೈಕ ಡಿಸ್ಕ್ ಸತ್ತಿತು. ಹಿಂದಿನ ರಾತ್ರಿಯ ಬ್ಯಾಕಪ್ ಇದ್ದುದರಿಂದ ಅರ್ಧ ದಿನದ ಕೆಲಸವನ್ನಷ್ಟೇ ಮತ್ತೆ ಟೈಪ್ ಮಾಡಬೇಕಾಯಿತು.

ಆಗ ನೋಟ್‌ಬುಕ್ಕನ್ನು ಹಿರಿಯರ ಮುಂದೆ ಇಟ್ಟೆ. ಗಂಟೆಗಳನ್ನು ಸಂಬಳದಿಂದ ಗುಣಿಸಿದ್ದು ಅವರೇ. ಕನ್ನಡಿ ಜೋಡಿಯ ಡಿಸ್ಕ್‌ಗಳು, ವಿಂಡೋಸ್ ಸರ್ವರ್, ಬಳಕೆದಾರರ ಪರವಾನಗಿ, ಯುಪಿಎಸ್ ಎಲ್ಲ ಸೇರಿ ಸುಮಾರು ಐದು ಕಂಪ್ಯೂಟರ್‌ಗಳ ಬೆಲೆ. ಅದರಲ್ಲಿ ಮೂರನೆಯ ಒಂದು ಪಾಲು ಪರವಾನಗಿಗೇ ಹೋಯಿತು. ನನ್ನ ಲೆಕ್ಕ ತಪ್ಪಿದ್ದು ಬೇರೆ ಕಡೆ: ಐದು ಯಂತ್ರಗಳಲ್ಲಿ ವಿಂಡೋಸ್‌ನ ಹೋಮ್ ಆವೃತ್ತಿ ಇತ್ತು, ಅದು ಡೊಮೇನ್‌ಗೆ ಸೇರುವುದಿಲ್ಲ. ಆ ಆವೃತ್ತಿ ಬದಲಿಸಲು ಎರಡನೆಯ ಸಲ ಹಣ ಕೇಳಬೇಕಾಗಿ ಬಂದದ್ದು ನನಗೆ ಇಂದಿಗೂ ಕಸಿವಿಸಿ.

ಶುಕ್ರವಾರ ಸಂಜೆ ಬದಲಾವಣೆ ಆರಂಭಿಸಿದೆ. ಸೋಮವಾರ ಬೆಳಿಗ್ಗೆ ಕೆಲವರಿಗೆ ಲಾಗಿನ್ ಆಗಲು ನಾಲ್ಕೈದು ನಿಮಿಷ ಹಿಡಿಯಿತು. ಸರ್ವರ್‌ನಲ್ಲಿ ಡಿಎಚ್‌ಸಿಪಿ (ಯಂತ್ರಗಳಿಗೆ ಜಾಲದ ವಿಳಾಸ ಹಂಚುವ ಸೇವೆ) ಶುರು ಮಾಡಿದ್ದ ನಾನು ರೌಟರ್‌ನಲ್ಲಿದ್ದುದನ್ನು ನಿಲ್ಲಿಸಲು ಮರೆತಿದ್ದೆ. ರೌಟರ್‌ನಿಂದ ವಿಳಾಸ ಪಡೆದ ಯಂತ್ರಗಳು ಹೆಸರಿನಿಂದ ವಿಳಾಸ ಹುಡುಕಿಕೊಡುವ ಡಿಎನ್‌ಎಸ್‌ಗೂ ಅದನ್ನೇ ಕೇಳುತ್ತ ಡೊಮೇನ್ ಎಲ್ಲಿದೆ ಎಂದು ಹುಡುಕುತ್ತಿದ್ದವು. ಒಂದು ಕಂಪ್ಯೂಟರ್ ಒಳಗೆ ಬಿಡಲೇ ಇಲ್ಲ. ಬೋರ್ಡಿನ ಬ್ಯಾಟರಿ ಸತ್ತು ಅದರ ಗಡಿಯಾರ ಹಿಂದೆ ಬಿದ್ದಿತ್ತು. ಐದು ನಿಮಿಷಕ್ಕಿಂತ ಹೆಚ್ಚಿನ ವ್ಯತ್ಯಾಸವನ್ನು ಡೊಮೇನ್‌ನಲ್ಲಿ ಲಾಗಿನ್ ಪರಿಶೀಲಿಸುವ ಕರ್ಬರೋಸ್ ಸಾಮಾನ್ಯವಾಗಿ ಒಪ್ಪುವುದಿಲ್ಲ. ಮಧ್ಯಾಹ್ನದೊಳಗೆ ಎಲ್ಲರೂ ಕೆಲಸದಲ್ಲಿದ್ದರು. ಪ್ರತಿಯೊಬ್ಬರ ಡೆಸ್ಕ್‌ಟಾಪ್, ಮೇಲ್ ಸೆಟ್ಟಿಂಗ್ ಒಂದಿಷ್ಟೂ ಕದಲದಂತೆ ಹೊಸ ಖಾತೆಗೆ ಹೇಗೆ ದಾಟಿಸಿದೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದನ್ನು ಕಲಿಯಲು ನನಗೆ ಮೂರು ಭಾನುವಾರ ಹಿಡಿದಿವೆ.

ಈಗ ನೋಟ್‌ಬುಕ್‌ನಲ್ಲಿ ತಿಂಗಳಿಗೆ ಎರಡು ಗಂಟೆಯೂ ತುಂಬುವುದಿಲ್ಲ. ಕಳೆದ ತಿಂಗಳು ಹಿರಿಯರೇ ವರ್ಷದ ಲೆಕ್ಕದ ಫೈಲೊಂದನ್ನು ತಪ್ಪಿ ಅಳಿಸಿದರು. ಸರ್ವರ್ ಆಗಾಗ ತಾನೇ ತೆಗೆದಿಡುವ ಫೈಲುಗಳ ಹಳೆಯ ಪ್ರತಿಗಳಲ್ಲಿ ಒಂದಾದ ಮಧ್ಯಾಹ್ನದ ಶ್ಯಾಡೋ ಕಾಪಿಯಿಂದ ಎರಡು ನಿಮಿಷದಲ್ಲಿ ಮರಳಿ ಕೊಟ್ಟೆ. ಎರಡನೆಯ ಡೊಮೇನ್ ಕಂಟ್ರೋಲರ್‌ಗಾಗಿ ನಾನು ಬರೆದಿಟ್ಟಿದ್ದ ಬೇಡಿಕೆಗೆ ಅವರು ಅಂದೇ ಸಹಿ ಹಾಕಿದರು.